ಕೋಲಿ, ಶೆಲ್ಟಿ, ಜರ್ಮನ್ ಶೆಫರ್ಡ್ ನಾಯಿಗಳಿಗೆ ಐವರ್ಮೆಕ್ಟಿನ್ ಕೊಡುವ ಮುನ್ನ: ಎಂಡಿಆರ್1 ಜೀನ್ ದೋಷದ ಬಗ್ಗೆ ತಿಳಿದಿರಲಿ

ನಿಮ್ಮ ನಾಯಿ ಎರಡು ವಾರದಿಂದ ಮೈ ಕೆರೆದುಕೊಳ್ಳುತ್ತಿದೆ. ಕಿವಿಯ ಅಂಚಿನಲ್ಲಿ, ಮೊಣಕೈ ಹತ್ತಿರ ಕೂದಲು ಉದುರಿದೆ. ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕ ಪಕ್ಕದ ಬಿಲ್ಡಿಂಗಿನ ಕಾಕಾ ನೋಡಿದವರೇ, “ಇದು ಕಜ್ಜಿ, ಐವರ್ಮೆಕ್ಟಿನ್ ಒಂದು ಮಾತ್ರೆ ಹಾಕಿ, ಸರಿಹೋಗುತ್ತೆ. ನಮ್ಮ ಲ್ಯಾಬ್ರಡಾರ್‌ಗೆ ಅದನ್ನೇ ಕೊಟ್ಟಿದ್ದು” ಎನ್ನುತ್ತಾರೆ. ಮನೆಯ ಔಷಧದ ಡಬ್ಬಿಯಲ್ಲಿ ಹುಡುಕಿದರೆ 2021ರ ಕೋವಿಡ್ ಕಾಲದಲ್ಲಿ ತಂದಿಟ್ಟ 12 ಮಿಲಿಗ್ರಾಂ ಮಾತ್ರೆಯ ಪಟ್ಟಿ ಸಿಕ್ಕಿಯೂ ಬಿಡುತ್ತದೆ.

ಕಾಕಾ ಹೇಳಿದ್ದು ಸುಳ್ಳಲ್ಲ. ಅವರ ಲ್ಯಾಬ್ರಡಾರ್‌ಗೆ ಏನೂ ಆಗಿರಲಿಕ್ಕಿಲ್ಲ. ಆದರೆ ನಿಮ್ಮದು ರಫ್ ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಅಥವಾ ಆಸ್ಟ್ರೇಲಿಯನ್ ಶೆಫರ್ಡ್ ಆಗಿದ್ದರೆ ಅದೇ ಮಾತ್ರೆ ಅದನ್ನು ಕೋಮಾಕ್ಕೆ ತಳ್ಳಬಹುದು. ಕುರಿ ಕಾಯುವ ಕೆಲವು ತಳಿಗಳಲ್ಲಿ ಹುಟ್ಟಿನಿಂದಲೇ ಬರುವ ಒಂದು ಜೀನ್ ದೋಷ ಇದಕ್ಕೆ ಕಾರಣ. ದೋಷವಿರುವ ನಾಯಿ ನೋಡಲು ಪೂರ್ತಿ ಆರೋಗ್ಯವಾಗಿಯೇ ಇರುತ್ತದೆ. ಓಡುತ್ತದೆ, ಆಡುತ್ತದೆ, ಆಯುಸ್ಸೂ ಕಡಿಮೆಯಾಗುವುದಿಲ್ಲ. ಕೆಲವು ನಿರ್ದಿಷ್ಟ ಔಷಧಗಳು ಹೊಟ್ಟೆಗೋ ರಕ್ತಕ್ಕೋ ಸೇರಿದಾಗ ಮಾತ್ರ ದೋಷ ಹೊರಬೀಳುತ್ತದೆ. ಹಾಗಾಗಿ ಬಹಳಷ್ಟು ಮನೆಗಳಲ್ಲಿ ವಿಷಯ ಗೊತ್ತಾಗುವುದೇ ಅನಾಹುತವಾದ ಮೇಲೆ.

ಮಿದುಳಿನ ಬಾಗಿಲಲ್ಲಿ ಕಾವಲುಗಾರನಿಲ್ಲ

ನಾಯಿಯಾಗಲಿ ಮನುಷ್ಯರಾಗಲಿ, ರಕ್ತದಲ್ಲಿ ಹರಿಯುವ ಎಲ್ಲ ವಸ್ತುಗಳಿಗೂ ಮಿದುಳಿನೊಳಗೆ ಪ್ರವೇಶವಿಲ್ಲ. ಮಿದುಳಿನ ಸಣ್ಣ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಒತ್ತೊತ್ತಾಗಿ ಕೂತು ಒಂದು ತಡೆಗೋಡೆ ಕಟ್ಟಿರುತ್ತವೆ. ಇಷ್ಟಾದರೂ ಕೊಬ್ಬಿನಲ್ಲಿ ಕರಗುವ ಕೆಲವು ಔಷಧಗಳು ಈ ಕೋಶಗಳೊಳಗೆ ನುಸುಳುತ್ತವೆ. ಅಂಥವನ್ನು ಹಿಡಿದು ಮತ್ತೆ ರಕ್ತಕ್ಕೇ ಎಸೆಯುವ ಪಂಪ್ ಒಂದು ಅಲ್ಲಿದೆ. ಅದರ ಹೆಸರು ಪಿ-ಗ್ಲೈಕೊಪ್ರೋಟೀನ್. ಇದೇ ಪಂಪ್ ಕರುಳಿನಲ್ಲಿ, ಪಿತ್ತಜನಕಾಂಗದಲ್ಲಿ, ಮೂತ್ರಪಿಂಡದಲ್ಲಿಯೂ ಇದ್ದು, ಔಷಧವನ್ನು ಮಲ, ಪಿತ್ತರಸ, ಮೂತ್ರದ ಮೂಲಕ ಹೊರಹಾಕಲು ನೆರವಾಗುತ್ತದೆ.

ಈ ಪಂಪನ್ನು ತಯಾರಿಸುವ ಸೂಚನೆ ಇರುವುದು ಎಂಡಿಆರ್1 ಎಂಬ ಜೀನ್‌ನಲ್ಲಿ. ಈಗ ವೈಜ್ಞಾನಿಕವಾಗಿ ಅದನ್ನು ಎಬಿಸಿಬಿ1 ಎನ್ನುತ್ತಾರೆ, ಆದರೆ ನಾಯಿ ಸಾಕುವವರಲ್ಲಿ, ಪಶುವೈದ್ಯರಲ್ಲಿ ಹಳೆಯ ಹೆಸರೇ ಓಡಾಡುತ್ತಿದೆ. ದೋಷವಿರುವ ನಾಯಿಗಳಲ್ಲಿ ಈ ಜೀನ್‌ನ ನಾಲ್ಕು ಅಕ್ಷರಗಳು ಬಿಟ್ಟುಹೋಗಿರುತ್ತವೆ. ಜೀನ್‌ನ ಭಾಷೆಯನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಓದಬೇಕು. ನಾಲ್ಕು ಬಿಟ್ಟುಹೋದರೆ ಅಲ್ಲಿಂದ ಮುಂದಿನ ಓದು ಪೂರ್ತಿ ತಪ್ಪುತ್ತದೆ, ಸ್ವಲ್ಪ ದೂರದಲ್ಲೇ ‘ನಿಲ್ಲಿಸು’ ಎಂಬ ಸೂಚನೆ ಬಂದು ಪ್ರೋಟೀನ್ ಅರ್ಧಕ್ಕೂ ಬರದೆ ಮುಗಿದುಹೋಗುತ್ತದೆ. ಹುಟ್ಟುವ ತುಂಡು ಪೂರ್ಣ ಪ್ರೋಟೀನ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದು ಏನನ್ನೂ ಪಂಪ್ ಮಾಡಲಾರದು.

ಐವರ್ಮೆಕ್ಟಿನ್ ಹುಳುಗಳ ನರಗಳನ್ನು ನಿಷ್ಕ್ರಿಯಗೊಳಿಸುವ ಔಷಧ. ಸಸ್ತನಿಗಳ ಮಿದುಳಿನಲ್ಲಿಯೂ ಅದು ಕೆಲಸ ಮಾಡಬಲ್ಲ ಜಾಗಗಳಿವೆ. ನಮಗೂ ನಮ್ಮ ನಾಯಿಗಳಿಗೂ ಅದು ಸುರಕ್ಷಿತವಾಗಿರುವುದು ಮುಖ್ಯವಾಗಿ ಈ ಪಂಪ್ ಅದನ್ನು ಮಿದುಳಿನ ಹೊರಗೇ ಇಡುವುದರಿಂದ.

ಇದು ಗೊತ್ತಾದ ಬಗೆ ಸ್ವಾರಸ್ಯಕರ. 1980ರ ದಶಕದ ಆರಂಭದಲ್ಲಿ ಐವರ್ಮೆಕ್ಟಿನ್ ಪಶುಗಳ ಔಷಧವಾಗಿ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಕೋಲಿ ನಾಯಿಗಳು ಅದಕ್ಕೆ ವಿಚಿತ್ರವಾಗಿ ಬಲಿಯಾಗುತ್ತಿವೆ ಎಂಬ ವರದಿಗಳು ಅಮೆರಿಕದಿಂದ ಬರತೊಡಗಿದವು. ಎಲ್ಲ ಕೋಲಿಗಳಿಗೂ ಹಾಗಾಗುತ್ತಿರಲಿಲ್ಲ, ಯಾಕೆಂದೂ ತಿಳಿಯಲಿಲ್ಲ. ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಇಲಿಗಳಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು ಈ ಪಂಪ್ ಇಲ್ಲದ ಇಲಿಗಳನ್ನು ಬೆಳೆಸಿದ್ದರು. ಇಲಿಗಳ ಕೋಣೆಯಲ್ಲಿ ನುಸಿಯ ಕಾಟ ಕಂಡು ಎಂದಿನಂತೆ ಐವರ್ಮೆಕ್ಟಿನ್ ಸಿಂಪಡಿಸಿದಾಗ, ಉಳಿದ ಇಲಿಗಳು ಚೆನ್ನಾಗಿಯೇ ಇದ್ದವು, ಪಂಪ್ ಇಲ್ಲದವು ಸತ್ತವು. ಆ ಇಲಿಗಳು ಐವರ್ಮೆಕ್ಟಿನ್‌ಗೆ 100 ಪಟ್ಟು ಹೆಚ್ಚು ಸೂಕ್ಷ್ಮ ಎಂದು 1994ರಲ್ಲಿ ಪ್ರಕಟವಾಯಿತು. ಇದನ್ನು ಹಿಡಿದುಕೊಂಡು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಕತ್ರೀನಾ ಮೀಲಿ ಮತ್ತು ಸಂಗಡಿಗರು ಕೋಲಿಗಳ ಜೀನ್ ಪರೀಕ್ಷಿಸಿ, ಬಿಟ್ಟುಹೋದ ಆ ನಾಲ್ಕು ಅಕ್ಷರಗಳನ್ನು 2001ರಲ್ಲಿ ಪತ್ತೆ ಮಾಡಿದರು.

ಹೆಸರಿನ ಬಗ್ಗೆ ಒಂದು ಮಾತು. ಎಂಡಿಆರ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಎಂಡಿಆರ್ ಕ್ಷಯ ನೆನಪಾಗುತ್ತದೆ. ಅಕ್ಷರಗಳ ಅರ್ಥ ಎರಡೂ ಕಡೆ ಒಂದೇ, ‘ಹಲವು ಔಷಧಗಳಿಗೆ ಪ್ರತಿರೋಧ’ ಎಂದು. ಆದರೆ ಆ ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ಯಾನ್ಸರ್ ಜೀವಕೋಶಗಳು ಇದೇ ಪಂಪನ್ನು ಬಳಸಿ ಕಿಮೋಥೆರಪಿ ಔಷಧಗಳನ್ನು ಹೊರದೂಡುತ್ತವೆ ಎಂಬುದು ಮೊದಲು ಗೊತ್ತಾದ ಕಾರಣ ಜೀನ್‌ಗೆ ಆ ಹೆಸರು ಬಂತು. ನಿಮ್ಮ ನಾಯಿಗೆ ಎಂಡಿಆರ್1 ದೋಷವಿದೆ ಎಂದರೆ ಅದು ಅಂಟುರೋಗವಲ್ಲ, ಮನೆಯವರಿಗೆ ಅದರಿಂದ ಏನೂ ಆಗುವುದಿಲ್ಲ.

ಯಾವ ನಾಯಿಗಳಲ್ಲಿ ಇದು ಹೆಚ್ಚು?

2004ರಲ್ಲಿ ನಡೆದ ವಂಶಾವಳಿ ಅಧ್ಯಯನವೊಂದು ಈ ದೋಷವಿರುವ ಎಲ್ಲ ನಾಯಿಗಳೂ ಒಂದೇ ಪೂರ್ವಜನಿಂದ ಬಂದವೆಂದು ತೋರಿಸಿತು. ಆ ನಾಯಿ 1870ಕ್ಕೂ ಮೊದಲು, ಅಂದರೆ ಇಂದಿನ ತಳಿಗಳಿಗೆ ಹೆಸರು, ದಾಖಲೆ ಬರುವ ಮೊದಲೇ, ಬ್ರಿಟನ್ನಿನಲ್ಲಿ ಬದುಕಿದ್ದಿರಬೇಕು. ಕುರಿ ಕಾಯುವುದರಲ್ಲಿ ಚುರುಕಾಗಿದ್ದಿರಬಹುದು, ಅದರ ಮರಿಗಳಿಗೆ ಬೇಡಿಕೆ ಬಂದಿರಬಹುದು. ಮುಂದೆ ತಳಿಗಳು ಬೇರೆ ಬೇರೆಯಾದಾಗ ದೋಷವೂ ಅವುಗಳ ಜೊತೆ ಹಂಚಿಹೋಯಿತು.

ಅಮೆರಿಕದಲ್ಲಿ ನಡೆದ ಪರೀಕ್ಷೆಗಳ ಪ್ರಕಾರ ಕೋಲಿಗಳಲ್ಲಿ (ಲ್ಯಾಸಿ ಸಿನಿಮಾದ ನಾಯಿಯ ತಳಿ) ಸುಮಾರು ಶೇ. 70ರಷ್ಟು ನಾಯಿಗಳಲ್ಲಿ ದೋಷದ ಒಂದಾದರೂ ಪ್ರತಿ ಇದೆ. ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಅರ್ಧದಷ್ಟು, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ನಲ್ಲಿ ಶೇ. 15, ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್‌ನಲ್ಲಿ ಶೇ. 5ರ ಆಸುಪಾಸು. ಬಾರ್ಡರ್ ಕೋಲಿಗೆ ಹೆಸರಿನಲ್ಲಿ ಕೋಲಿ ಇದ್ದರೂ ಅದರಲ್ಲಿ ದೋಷ ಅಪರೂಪ, ಶೇ. 5ಕ್ಕಿಂತ ಕಡಿಮೆ. ದೇಶದಿಂದ ದೇಶಕ್ಕೆ ಈ ಪ್ರಮಾಣ ಬದಲಾಗುತ್ತದೆ.

ನಮ್ಮ ಓದುಗರು ಗಮನಿಸಬೇಕಾದದ್ದು ಜರ್ಮನ್ ಶೆಫರ್ಡ್. ಆಲ್ಸೇಷಿಯನ್ ಎಂದು ನಾವು ಕರೆಯುವ ಈ ನಾಯಿಯೂ ಮೂಲತಃ ಕುರಿ ಕಾಯುವ ತಳಿಯೇ ಎಂಬುದನ್ನು ಪೊಲೀಸ್ ನಾಯಿಯಾಗಿ ಮಾತ್ರ ನೋಡಿದವರು ಮರೆತುಬಿಡುತ್ತಾರೆ. ಅಮೆರಿಕದ ಅಂಕಿಯಂತೆ ಇವುಗಳಲ್ಲಿ ಹತ್ತಕ್ಕೊಂದರಲ್ಲಿ ದೋಷವಿದೆ. ರಫ್ ಕೋಲಿ ಸಾಕಿದ ಮನೆಗಳು ನಮ್ಮ ನಗರಗಳಲ್ಲಿ ಬೆರಳೆಣಿಕೆಯಷ್ಟು, ಜರ್ಮನ್ ಶೆಫರ್ಡ್ ಮತ್ತು ಅದರ ಮಿಶ್ರತಳಿಗಳು ಪ್ರತಿ ಬಡಾವಣೆಯಲ್ಲೂ ಇವೆ.

ಮಿಶ್ರತಳಿಯಾದರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ತಂದೆ ಅಥವಾ ತಾಯಿಯಿಂದ ಒಂದು ಪ್ರತಿ ಬಂದಿರಲು ಸಾಧ್ಯ. ಅಮೆರಿಕದ ಪಶುವೈದ್ಯರಲ್ಲಿ ಹಿಂದೆ ಒಂದು ನಾಣ್ಣುಡಿ ಇತ್ತು: ಬಿಳಿ ಪಾದದ ನಾಯಿಗೆ ಔಷಧ ಬೇಡ ಎಂದು. ಕೋಲಿಗಳ ಪಾದ ಸಾಮಾನ್ಯವಾಗಿ ಬಿಳಿ ಇರುವುದರಿಂದ ಹುಟ್ಟಿದ ಮಾತು. ಜಾಗ್ರತೆ ಹೇಳುವುದಕ್ಕೆ ಅದು ಚೆನ್ನಾಗಿದ್ದರೂ ಪಾದದ ಬಣ್ಣಕ್ಕೂ ಈ ಜೀನ್‌ಗೂ ಸಂಬಂಧವಿಲ್ಲ. ಕಪ್ಪು ಪಾದದ ನಾಯಿಯಲ್ಲೂ ದೋಷ ಇರಬಹುದು, ನಾಲ್ಕೂ ಪಾದ ಬಿಳಿಯಿದ್ದರೂ ಇಲ್ಲದಿರಬಹುದು.

ಒಂದು ಮಾತ್ರೆಯ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಗೊಂದಲವೆಲ್ಲ ಇರುವುದು ಇಲ್ಲೇ. “ಐವರ್ಮೆಕ್ಟಿನ್ ಇರುವ ಮಾತ್ರೆಯನ್ನು ಕೋಲಿಗಳಿಗೂ ತಿಂಗಳು ತಿಂಗಳು ಕೊಡುತ್ತಾರಲ್ಲ?” ಎಂದು ಕೆಲವರು ಕೇಳುತ್ತಾರೆ. ನಿಜ, ಕೊಡುತ್ತಾರೆ. ಹೃದಯದ ಹುಳು ಬಾರದಂತೆ ತಡೆಯಲು ಕೊಡುವ ಆ ಮಾತ್ರೆಯಲ್ಲಿರುವುದು ನಾಯಿಯ ತೂಕದ ಪ್ರತಿ ಕಿಲೋಗೆ ಬರೀ 6 ಮೈಕ್ರೋಗ್ರಾಂ. ಅಷ್ಟು ಕಡಿಮೆ ಪ್ರಮಾಣ ದೋಷವಿರುವ ನಾಯಿಗೂ ಸುರಕ್ಷಿತ. ಕಜ್ಜಿಯ ಚಿಕಿತ್ಸೆಗೆ ಬಳಸುವ ಪ್ರಮಾಣ ಕಿಲೋಗೆ 300ರಿಂದ 600 ಮೈಕ್ರೋಗ್ರಾಂ, ಅಂದರೆ 50ರಿಂದ 100 ಪಟ್ಟು. ದೋಷದ ಎರಡೂ ಪ್ರತಿ ಇರುವ ನಾಯಿಯಲ್ಲಿ ವಿಷದ ಲಕ್ಷಣಗಳು ಕಿಲೋಗೆ ಸುಮಾರು 100 ಮೈಕ್ರೋಗ್ರಾಂನಲ್ಲೇ ಶುರುವಾಗುತ್ತವೆ.

ಈಗ ಡಬ್ಬಿಯಲ್ಲಿದ್ದ ಮಾತ್ರೆಗೆ ಬನ್ನಿ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ನಿಮ್ಮ ಕೋಲಿಯ ತೂಕ 25 ಕಿಲೋ ಎಂದಿಟ್ಟುಕೊಳ್ಳೋಣ. ಹೃದಯದ ಹುಳು ತಡೆಯಲು ಅದಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಮನುಷ್ಯರ 12 ಮಿಲಿಗ್ರಾಂ ಮಾತ್ರೆಯಲ್ಲಿರುವುದು 12,000 ಮೈಕ್ರೋಗ್ರಾಂ, ಅಂದರೆ ಅದರ 80 ಪಟ್ಟು. ಕಿಲೋಗೆ 480 ಮೈಕ್ರೋಗ್ರಾಂ ಆಯಿತು. “ಅರ್ಧ ಮಾತ್ರೆ ಕೊಟ್ಟರೆ ಸಾಕು” ಎಂದರೂ 240. ಕಾಲು ಮಾತ್ರೆಯೂ ಅಪಾಯದ ಗೆರೆ ದಾಟುತ್ತದೆ. ಹತ್ತು ಕಿಲೋದ ಶೆಲ್ಟಿಯಾದರೆ ಕೇಳುವುದೇ ಬೇಡ.

ಇಂಜೆಕ್ಷನ್ ಇನ್ನೂ ಮೋಸಗೊಳಿಸುತ್ತದೆ, ಯಾಕೆಂದರೆ ಅದು ಕಣ್ಣಿಗೆ ತೀರಾ ಕಡಿಮೆ ಕಾಣುತ್ತದೆ. ದನ-ಕುರಿಗಳಿಗಾಗಿ ಬರುವ ಶೇ. 1ರ ಐವರ್ಮೆಕ್ಟಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ ಔಷಧವಿರುತ್ತದೆ. ಅರ್ಧ ಎಂಎಲ್ ಎಂದರೆ ಸಿರಿಂಜಿನ ತುದಿಯಲ್ಲಿ ನಿಂತ ನಾಲ್ಕು ಹನಿಯಂತೆ ಕಾಣಬಹುದು, ಆದರೆ 25 ಕಿಲೋ ನಾಯಿಗೆ ಅದು ಕಿಲೋಗೆ 200 ಮೈಕ್ರೋಗ್ರಾಂ. ಉಣ್ಣೆ ಹತ್ತಿದೆ ಎಂದು ಮನೆಗೇ ಬಂದು ‘ಒಂದು ಸೂಜಿ’ ಹಾಕಿಹೋಗುವವರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಏನು ಔಷಧ, ಎಷ್ಟು ಎಂಎಲ್, ಎಷ್ಟು ಶಕ್ತಿಯದು ಎಂದು ಕೇಳದೆ ನಾಯಿಯನ್ನು ಹಿಡಿದುಕೊಡಬೇಡಿ. ಕೇಳಿದರೆ ಬೇಸರ ಮಾಡಿಕೊಳ್ಳುವವರ ಕೈಯಲ್ಲಿ ಸೂಜಿ ಹಾಕಿಸದಿರುವುದೇ ಒಳ್ಳೆಯದು.

ದೋಷವಿಲ್ಲದ ನಾಯಿ ಇದರ ಎಷ್ಟೋ ಪಟ್ಟು ತಡೆದುಕೊಳ್ಳುತ್ತದೆ. ಹಾಗೆಂದು ಅದಕ್ಕೂ ಮಿತಿಯಿಲ್ಲವೆಂದಲ್ಲ. ಕೀಟೊಕೊನಜೋಲ್‌ನಂಥ ಫಂಗಸ್ ಮಾತ್ರೆ ಈ ಪಂಪನ್ನು ಅಡಗಿಸುತ್ತದೆ. ಚಿಗಟಕ್ಕೆ ಕೊಡುವ ಸ್ಪಿನೊಸಾಡ್ ಜೊತೆ ಹೆಚ್ಚಿನ ಪ್ರಮಾಣದ ಐವರ್ಮೆಕ್ಟಿನ್ ಸೇರಿದರೆ ದೋಷವಿಲ್ಲದ ನಾಯಿಯೂ ವಿಷದ ಲಕ್ಷಣ ತೋರಿಸಬಹುದು. ಈಗಾಗಲೇ ಯಾವ ಔಷಧ ನಡೆಯುತ್ತಿದೆ ಎಂದು ವೈದ್ಯರಿಗೆ ಹೇಳಬೇಕಾದದ್ದು ಇದಕ್ಕೇ.

ಇವತ್ತು ಕಜ್ಜಿಗಾಗಿ ಇಷ್ಟು ಅಪಾಯಕ್ಕೆ ಕೈಹಾಕುವ ಅಗತ್ಯವೇ ಬಹುಮಟ್ಟಿಗೆ ಇಲ್ಲ. ಫ್ಲುರಲೇನರ್, ಅಫಾಕ್ಸೊಲೇನರ್, ಸರೊಲೇನರ್ ಎಂಬ ಹೊಸ ಗುಂಪಿನ ಮಾತ್ರೆಗಳು ಉಣ್ಣೆಗೂ ಕಜ್ಜಿಯ ನುಸಿಗೂ ಕೆಲಸ ಮಾಡುತ್ತವೆ, ನಮ್ಮ ನಗರಗಳಲ್ಲಿ ಸಿಗುತ್ತವೆ. ಫ್ಲುರಲೇನರ್ ಅನ್ನು ಎಂಡಿಆರ್1 ದೋಷದ ಎರಡೂ ಪ್ರತಿ ಇರುವ ಕೋಲಿಗಳಿಗೇ ಮೂರು ಪಟ್ಟು ಪ್ರಮಾಣದಲ್ಲಿ ಕೊಟ್ಟು ಪರೀಕ್ಷಿಸಿದ್ದಾರೆ, ತೊಂದರೆಯಾಗಲಿಲ್ಲ. ಆದರೆ ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಮಾತ್ರೆ ಕೊಡುವಾಗ ಬೇರೆಯೇ ಎಚ್ಚರ ಬೇಕು. ದುಬಾರಿ ಎಂಬುದೂ ನಿಜ. ಐವರ್ಮೆಕ್ಟಿನ್ ಈಗಲೂ ಓಡುತ್ತಿರುವುದಕ್ಕೆ ಮುಖ್ಯ ಕಾರಣ ಅದರ ಬೆಲೆಯೇ ಎಂದು ನನ್ನ ಅನಿಸಿಕೆ.

ಐವರ್ಮೆಕ್ಟಿನ್ ಒಂದೇ ಅಲ್ಲ

ಭೇದಿ ನಿಲ್ಲಿಸಲು ನಾವು ತೆಗೆದುಕೊಳ್ಳುವ ಲೋಪೆರಮೈಡ್ ಮಾತ್ರೆ ಎಲ್ಲ ಮನೆಗಳಲ್ಲೂ ಇರುತ್ತದೆ. ಅದು ಅಫೀಮಿನ ಗುಂಪಿಗೆ ಸೇರಿದ ಔಷಧ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಮಗೆ ಅಮಲು ಬರದೆ ಕರುಳಿನಲ್ಲಷ್ಟೇ ಅದು ಕೆಲಸ ಮಾಡುವುದು ಇದೇ ಪಂಪ್ ಅದನ್ನು ಮಿದುಳಿನಿಂದ ದೂರವಿಡುವುದರಿಂದ. ಪಂಪ್ ಇಲ್ಲದ ನಾಯಿಗೆ ಭೇದಿಗೆಂದು ಒಂದು ಮಾತ್ರೆ ಕೊಟ್ಟರೂ ಅದು ತೂರಾಡಿ ಬೀಳಬಹುದು. ಕುರಿ ಕಾಯುವ ತಳಿಗಳಿಗೆ ಇದನ್ನು ಕೊಡಲೇಬಾರದು.

ದೀಪಾವಳಿ ಹತ್ತಿರ ಬಂದಾಗ ಪಟಾಕಿಗೆ ಹೆದರುವ ನಾಯಿಗೆ ‘ನಿದ್ದೆ ಮಾತ್ರೆ’ ಬೇಕೆಂದು ಕ್ಲಿನಿಕ್ಕಿಗೆ ಹೋಗುವವರು ಬಹಳ. ರೈಲಿನಲ್ಲಿ, ಕಾರಿನಲ್ಲಿ ಊರಿಗೆ ಕರೆದೊಯ್ಯುವಾಗಲೂ ಅಷ್ಟೇ. ಇಂಥ ಸಂದರ್ಭಗಳಿಗೆ ಬಳಸುತ್ತ ಬಂದಿರುವ ಏಸಿಪ್ರೊಮಝಿನ್ ದೋಷವಿರುವ ನಾಯಿಗಳಲ್ಲಿ ಎಂದಿಗಿಂತ ಗಾಢವಾದ, ಬಹಳ ಹೊತ್ತು ಇಳಿಯದ ಮಂಪರು ತರುತ್ತದೆ. ಒಂದು ಪ್ರತಿ ಇದ್ದರೆ ಪ್ರಮಾಣವನ್ನು ಶೇ. 25ರಷ್ಟು, ಎರಡು ಪ್ರತಿ ಇದ್ದರೆ ಶೇ. 30ರಿಂದ 50ರಷ್ಟು ಇಳಿಸಬೇಕೆಂದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರ ಸಲಹೆ. ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಬ್ಯೂಟಾರ್ಫನಾಲ್‌ಗೂ ಇದೇ ಲೆಕ್ಕ. ಪಟಾಕಿಯ ಮಟ್ಟಿಗೆ ಹೇಳುವುದಾದರೆ ಏಸಿಪ್ರೊಮಝಿನ್ ನಾಯಿಯ ಮೈಯನ್ನು ಸುಮ್ಮನಾಗಿಸುತ್ತದೆಯೇ ಹೊರತು ಒಳಗಿನ ಭಯ ಹೋಗುವುದಿಲ್ಲ. ಯಾವ ತಳಿಯೇ ಆಗಲಿ, ಬೇರೆ ಔಷಧ ಇದೆಯೇ ಎಂದು ವೈದ್ಯರನ್ನು ಕೇಳಿ.

ಕಿಮೋಥೆರಪಿಯ ವಿಷಯ ಹೆಚ್ಚು ಗಂಭೀರ. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್, ಡಾಕ್ಸೊರುಬಿಸಿನ್ ಔಷಧಗಳನ್ನು ದೇಹದಿಂದ ಹೊರಹಾಕುವುದು ಈ ಪಂಪ್‌ನ ಕೆಲಸ. ಅದಿಲ್ಲದಿದ್ದರೆ ಮಾಮೂಲಿ ಪ್ರಮಾಣವೂ ಮೂಳೆ ಮಜ್ಜೆಯನ್ನು ಕುಗ್ಗಿಸಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ವಾಂತಿ-ಭೇದಿ ತೀವ್ರವಾಗುತ್ತದೆ. ಒಂದೇ ಪ್ರತಿ ಇರುವ ನಾಯಿಗೂ ಇಲ್ಲಿ ರಿಯಾಯಿತಿಯಿಲ್ಲ. ಲಿಂಫೋಮಾಗೆ ಚಿಕಿತ್ಸೆ ಶುರುವಾಗುವ ಮುನ್ನವೇ ಪರೀಕ್ಷೆ ಮಾಡಿಸಬೇಕು. ವರದಿ ಬರುವವರೆಗೆ ಈ ಪಂಪ್‌ಗೆ ಸಂಬಂಧಿಸದ ಸೈಕ್ಲೊಫಾಸ್ಫಮೈಡ್‌ನಿಂದ ಆರಂಭಿಸುವ ದಾರಿ ಕ್ಯಾನ್ಸರ್ ವೈದ್ಯರಿಗೆ ಗೊತ್ತಿರುತ್ತದೆ.

ನಮ್ಮ ದೇಶದಲ್ಲಿ ವಿನ್‌ಕ್ರಿಸ್ಟಿನ್ ಕ್ಯಾನ್ಸರ್ ಆಸ್ಪತ್ರೆಗಷ್ಟೇ ಸೀಮಿತವಲ್ಲ. ಬೀದಿನಾಯಿಗಳಲ್ಲಿ ಸಂಭೋಗದ ಮೂಲಕ ಹರಡುವ ಟಿವಿಟಿ ಗೆಡ್ಡೆ ಇಲ್ಲಿ ಸಾಮಾನ್ಯ, ಅದಕ್ಕೆ ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೇ. ಬೀದಿಯಿಂದ ತಂದು ಸಾಕುತ್ತಿರುವ ನಾಯಿಯ ಮುಖ, ಬಾಲ, ಕೂದಲಿನಲ್ಲಿ ಜರ್ಮನ್ ಶೆಫರ್ಡ್ ಅಥವಾ ಕೋಲಿಯ ಛಾಯೆ ಇದ್ದರೆ ಮೊದಲ ಇಂಜೆಕ್ಷನ್‌ಗೆ ಮುನ್ನ ಅದನ್ನು ವೈದ್ಯರ ಗಮನಕ್ಕೆ ತನ್ನಿ.

ಇಷ್ಟೆಲ್ಲ ಓದಿ, ಇನ್ನು ನಮ್ಮ ನಾಯಿಗೆ ಯಾವ ಔಷಧವನ್ನೂ ಕೊಡುವಂತಿಲ್ಲ ಎಂದು ಗಾಬರಿಯಾಗಬೇಡಿ. ರೇಬೀಸ್ ಸೇರಿದಂತೆ ಲಸಿಕೆಗಳಿಗೂ ಈ ದೋಷಕ್ಕೂ ಸಂಬಂಧವಿಲ್ಲ, ಒಂದನ್ನೂ ತಪ್ಪಿಸಬೇಡಿ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ನಂಥ ಆಂಟಿಬಯೋಟಿಕ್ ಕೊಡಬಹುದು. ಉಣ್ಣೆಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಈ ಪಂಪ್ ಮೂಲಕ ಸಾಗುವ ಔಷಧವೇ ಆದರೂ ದೋಷವಿರುವ ನಾಯಿಗಳು ಅದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಸೆಲಮೆಕ್ಟಿನ್, ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್ ಇವು ಐವರ್ಮೆಕ್ಟಿನ್‌ನ ದಾಯಾದಿಗಳು. ಹೃದಯದ ಹುಳು ತಡೆಯಲು ಲೇಬಲ್ಲಿನಲ್ಲಿ ಬರೆದ ಪ್ರಮಾಣದಲ್ಲಿ ಇವೂ ಸುರಕ್ಷಿತ, ಅದನ್ನು ಮೀರಿದರೆ ಅಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ, ಹಲ್ಲಿನ ಚಿಕಿತ್ಸೆ ಎಲ್ಲವೂ ಸಾಧ್ಯ, ಅರಿವಳಿಕೆ ಕೊಡುವವರಿಗೆ ಮೊದಲೇ ಗೊತ್ತಿರಬೇಕು ಅಷ್ಟೆ.

ಜೀವಮಾನದಲ್ಲಿ ಒಂದೇ ಪರೀಕ್ಷೆ

ಜೀನ್ ಬದಲಾಗುವುದಿಲ್ಲವಾದ್ದರಿಂದ ಪರೀಕ್ಷೆ ಒಮ್ಮೆ ಮಾಡಿಸಿದರೆ ಆಯಿತು. ಕೆನ್ನೆಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ತೆಗೆದ ಮಾದರಿ ಅಥವಾ ಸ್ವಲ್ಪ ರಕ್ತ ಸಾಕು. ಮರಿ ತಾಯಿಯ ಹಾಲು ಕುಡಿದ ಕೂಡಲೇ ಕೆನ್ನೆಯ ಮಾದರಿ ತೆಗೆಯಬಾರದು, ತಾಯಿಯ ಕೋಶಗಳು ಬೆರೆತು ಫಲಿತಾಂಶ ಕೆಡಬಹುದು.

ವರದಿಯಲ್ಲಿ ಮೂರರಲ್ಲೊಂದು ಉತ್ತರ ಇರುತ್ತದೆ. ಎರಡೂ ಪ್ರತಿ ಸರಿಯಿದ್ದರೆ ನಾರ್ಮಲ್/ನಾರ್ಮಲ್. ಒಂದು ಮಾತ್ರ ದೋಷದ್ದಾದರೆ ಮ್ಯೂಟೆಂಟ್/ನಾರ್ಮಲ್. ಅಂಥ ನಾಯಿಯಲ್ಲಿ ಪಂಪ್ ಇದೆ, ಆದರೆ ಕಡಿಮೆ. ಎರಡೂ ದೋಷದ್ದಾದರೆ ಮ್ಯೂಟೆಂಟ್/ಮ್ಯೂಟೆಂಟ್, ಈ ಲೇಖನದ ಎಚ್ಚರಿಕೆಗಳೆಲ್ಲ ಪೂರ್ತಿಯಾಗಿ ಅನ್ವಯಿಸುವುದು ಇದಕ್ಕೆ. ನಡುವಿನ ವರದಿ ಬಂದವರು “ನಮ್ಮದು ಬರೀ ಕ್ಯಾರಿಯರ್” ಎಂದು ನಿರಾಳವಾಗಿಬಿಡುತ್ತಾರೆ. ಹಾಗೆ ಆಗಬೇಡಿ.

ಮುಂಬಯಿಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ದೆಹಲಿಯಲ್ಲಿ ಹಿಂದಿ ಎಂದು ಭಾಷೆಯ ಅಳುಕು ಇದ್ದರೂ ‘ಎಂಡಿಆರ್ ಒನ್’ ಎಂಬ ಎರಡು ಪದ ಹೇಳಿದರೆ ಪಶುವೈದ್ಯರಿಗೆ ವಿಷಯ ತಿಳಿಯುತ್ತದೆ. ಮಾದರಿಯನ್ನು ಯಾವ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಅವರನ್ನೇ ಕೇಳಿ. ಪರೀಕ್ಷೆ ಆಗುವವರೆಗೆ ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್‌ಗಳನ್ನು ದೋಷ ಇದೆಯೆಂದೇ ಭಾವಿಸಿ ನೋಡಿಕೊಳ್ಳುವುದು ಒಳ್ಳೆಯದು. ವರದಿ ಬಂದ ಮೇಲೆ ಅದರ ಪ್ರತಿಯನ್ನು ಲಸಿಕೆ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ಫೋನಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ. ನೀವು ಊರಲ್ಲಿಲ್ಲದಾಗ ನಾಯಿಯನ್ನು ನೋಡಿಕೊಳ್ಳುವವರಿಗೂ ಅದನ್ನು ಕಳುಹಿಸಿಡಿ.

ಮರಿ ಕೊಳ್ಳುವವರು ತಂದೆ-ತಾಯಿ ಇಬ್ಬರ ವರದಿ ತೋರಿಸುವಂತೆ ಕೇಳಬಹುದು. ಇಬ್ಬರೂ ನಾರ್ಮಲ್ ಆಗಿದ್ದರೆ ಮರಿಗೆ ದೋಷ ಬರುವುದಿಲ್ಲ. ಒಂದೊಂದು ದೋಷದ ಪ್ರತಿ ಇರುವ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಎರಡೂ ದೋಷದ ಪ್ರತಿ ಪಡೆದಿರುತ್ತದೆ.

ತಪ್ಪಿ ಔಷಧ ಕೊಟ್ಟಾಗಿದ್ದರೆ

ಲಕ್ಷಣಗಳು ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಕಾಣುತ್ತವೆ. ದಿನವೂ ಸ್ವಲ್ಪ ಸ್ವಲ್ಪ ಕೊಡುತ್ತಿದ್ದರೆ ಔಷಧ ಮೈಯಲ್ಲಿ ಕೂಡುತ್ತ ಹೋಗಿ ಕೆಲವು ದಿನಗಳ ಮೇಲೆ ಕಾಣಬಹುದು. ಮೊದಮೊದಲು ನಾಯಿ ಕುಡಿದವರಂತೆ ಹಿಂಗಾಲು ತೂರಾಡಿಸುತ್ತದೆ, ಜೊಲ್ಲು ಸುರಿಸುತ್ತದೆ, ವಾಂತಿ ಮಾಡಬಹುದು. ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕಿಗೂ ಕುಗ್ಗುವುದಿಲ್ಲ. ಗೋಡೆಗೆ, ಕುರ್ಚಿಗೆ ಢಿಕ್ಕಿ ಹೊಡೆಯತೊಡಗಿದರೆ ದೃಷ್ಟಿ ಹೋಗಿದೆ ಎಂದರ್ಥ. ಚಿಕಿತ್ಸೆ ಸಿಕ್ಕರೆ ಇದು ಸಾಮಾನ್ಯವಾಗಿ ಮರಳಿ ಬರುತ್ತದೆ. ಆಮೇಲೆ ನಡುಕ, ಫಿಟ್ಸ್, ಏಳಲಾಗದ ಸ್ಥಿತಿ, ಕೋಮಾ, ಉಸಿರು ನಿಧಾನವಾಗುವುದು.

ಮಾತ್ರೆ ಕೊಟ್ಟದ್ದು ತಪ್ಪಾಯಿತೆಂದು ತಿಳಿದ ಕ್ಷಣವೇ, ಲಕ್ಷಣಕ್ಕೆ ಕಾಯದೆ, ಹೊರಡಿ. ಮಾತ್ರೆಯ ಪಟ್ಟಿ ಅಥವಾ ಬಾಟಲಿ ಕೈಯಲ್ಲಿರಲಿ. ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ, ನಾಯಿಯ ತೂಕ ಎಷ್ಟು ಎಂಬುದನ್ನು ಬರೆದುಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮಂಪರಿನಲ್ಲಿರುವ ನಾಯಿಗೆ ಬಾಯಿಯಲ್ಲಿ ಏನನ್ನೇ ಹಾಕಿದರೂ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ವಾಂತಿ ಮಾಡಿಸಲು ವೈದ್ಯರು ಬಳಸುವ ಅಪೊಮಾರ್ಫಿನ್ ಕೂಡ ಈ ನಾಯಿಗಳಲ್ಲಿ ಅತಿಯಾಗಿ ಕೆಲಸ ಮಾಡಬಲ್ಲದು, ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲೇ ತಳಿ ಯಾವುದೆಂದು ಹೇಳಿ.

ಲೋಪೆರಮೈಡ್ ವಿಷಕ್ಕೆ ನಲಾಕ್ಸೋನ್ ಎಂಬ ಪ್ರತ್ಯೌಷಧವಿದೆ. ಐವರ್ಮೆಕ್ಟಿನ್‌ಗೆ ಅಂಥದ್ದಿಲ್ಲ. ಇದ್ದಿಲು ಪುಡಿಯನ್ನು ಮತ್ತೆ ಮತ್ತೆ ಕೊಟ್ಟು ಕರುಳಿನಲ್ಲಿರುವುದನ್ನು ಹೀರಿಸುತ್ತಾರೆ. ಕೊಬ್ಬಿನ ದ್ರಾವಣವನ್ನು ರಕ್ತನಾಳಕ್ಕೆ ಕೊಡುವ ಪ್ರಯತ್ನವೂ ಇದೆ, ಎರಡೂ ದೋಷದ ಪ್ರತಿ ಇರುವ ನಾಯಿಗಳಲ್ಲಿ ಅದರಿಂದ ಹೆಚ್ಚು ಪ್ರಯೋಜನ ಕಂಡಿಲ್ಲ. ಉಳಿದದ್ದು ಆರೈಕೆ. ಡ್ರಿಪ್, ಮೈ ಬೆಚ್ಚಗಿಡುವುದು, ಉಸಿರಾಟ ಸೋತರೆ ವೆಂಟಿಲೇಟರ್, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮಿಟುಕದ ಕಣ್ಣಿಗೆ ಮುಲಾಮು ಹಚ್ಚುವುದು, ಮೂತ್ರ ತೆಗೆಸುವುದು. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಇದೆಲ್ಲ ಹೊಸದಲ್ಲ. ಔಷಧ ಮೈಯಿಂದ ಇಳಿಯುವವರೆಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇದು ಸಾಗಬೇಕು. ಎರಡು ದಿನದಲ್ಲಿ ಕಣ್ಣು ತೆರೆಯಲಿಲ್ಲವೆಂದು ಕೈಬಿಡಬೇಡಿ. ವಾರಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ನಾಯಿಗಳೂ ಎದ್ದು ಓಡಾಡಿವೆ. ಖರ್ಚು, ಆಸ್ಪತ್ರೆಯ ಸೌಲಭ್ಯ, ಮನೆಯವರ ಶಕ್ತಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ, ಆದರೆ ನಿರ್ಧಾರಕ್ಕೆ ಮುನ್ನ ಇಷ್ಟು ಗೊತ್ತಿರಲಿ.

ಮನುಷ್ಯರಲ್ಲಿ ಇಂಥದ್ದು ಇಲ್ಲವೇ ಎಂದು ಕೇಳುವವರಿಗೆ: ತೀರಾ ವಿರಳ, ಆದರೆ ಇದೆ. ಇದೇ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದ ಫ್ರಾನ್ಸ್‌ನ 13 ವರ್ಷದ ಬಾಲಕನೊಬ್ಬ ಮಾಮೂಲಿ ಪ್ರಮಾಣದ ಐವರ್ಮೆಕ್ಟಿನ್ ತೆಗೆದುಕೊಂಡು ಕೋಮಾಕ್ಕೆ ಹೋಗಿ ಚೇತರಿಸಿಕೊಂಡದ್ದು 2020ರಲ್ಲಿ ವರದಿಯಾಗಿದೆ. ಬೆಕ್ಕುಗಳಲ್ಲಿಯೂ ಇದೇ ಜೀನ್‌ನ ಬೇರೊಂದು ದೋಷ ಪತ್ತೆಯಾಗಿದೆ.

ಕೊನೆಯದಾಗಿ, ರಜೆಗೆ ನಾಯಿಯನ್ನೂ ಊರಿಗೆ ಕರೆದುಕೊಂಡು ಹೋಗುವವರಿಗೆ. ದನ, ಕುರಿ, ಕುದುರೆಗಳಿಗೆ ಕೊಟ್ಟ ಐವರ್ಮೆಕ್ಟಿನ್‌ನ ಹೆಚ್ಚಿನ ಪಾಲು ಸಗಣಿ, ಹಿಕ್ಕೆ, ಲದ್ದಿಯಲ್ಲಿ ಹೊರಬರುತ್ತದೆ. ಅದನ್ನು ತಿಂದೇ ವಿಷವೇರಿದ ನಾಯಿಗಳ ದಾಖಲೆಗಳಿವೆ. ಕೊಟ್ಟಿಗೆಗೆ ಈಚೆಗೆ ಹುಳುವಿನ ಔಷಧ ಹಾಕಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ಹಾಕಿದ್ದರೆ ನಿಮ್ಮ ಕೋಲಿಯನ್ನು ಕೊಟ್ಟಿಗೆಯ ಕಡೆ ಬಿಡದೆ, ವಾಕಿಂಗ್‌ಗೆ ಹೊಲದ ಬದುವಿನ ಮೇಲೂ ಬೆಲ್ಟ್ ಹಾಕಿಯೇ ಕರೆದುಕೊಂಡು ಹೋಗಿ.